ಐದನೇ ಮಹಡಿಯ ಬುರುಲ್ ಮತ್ತು ಹೊಗೆಯ ಅಂಕಿ

ಕಿಟಕಿ ತೆರೆಯಲೋ, ಬೇಡವೋ? ಚಳಿಗಾಲ ಶುರುವಾದಂದಿನಿಂದ ಈ ಯೋಚನೆ ನನ್ನ ತಲೆಯಿಂದ ಇಳಿದಿಲ್ಲ. ನಮ್ಮ ಬಿಷ್ಕೆಕ್ ನಗರದ ಒಲೆಗಳಿಗೆ ಕಲ್ಲಿದ್ದಲು ಬಿತ್ತೆಂದರೆ ಹತ್ತು ತಿಂಗಳ ನನ್ನ ಬೆಕ್ತುರ್‌ಗೆ ಕೆಮ್ಮು.

ನಮ್ಮ ಕಟ್ಟಡದಲ್ಲಿ ಇದರ ತೀರ್ಪು ಕೊಡುವವಳು ಬುರುಲ್ ಎಜೆ. ಎಜೆ, ಅಂದರೆ ಅಕ್ಕ, ಎನ್ನಲೇಬೇಕು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಹೊಲಿಗೆ ಕಾರ್ಖಾನೆಯಲ್ಲಿ ದಿನವಿಡೀ ಅಂಗಿಗೆ ಕಾಲರ್ ಕೂರಿಸುತ್ತಾಳೆ. ಹೋದ ವರ್ಷ ಗ್ರಂಥಾಲಯದ ಸಂಜೆ ತರಗತಿಗೆ ಹೋಗಿ ಕಲಿತು, ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಹೊಗೆ ಅಳೆಯುವ ಡಬ್ಬಿ ಜೋಡಿಸಿ, ಐದನೇ ಮಹಡಿಯ ತನ್ನ ಕಿಟಕಿಗೆ ಕಟ್ಟಿದಳು. ಅದು ವೈಫೈ ಹಿಡಿದು ಎಲ್ಲರ ಫೋನಿಗೂ ಅಂಕಿ ಕಳಿಸುತ್ತದೆ; ಅಂಕಿ ಏರಿದಷ್ಟೂ ಹೊಗೆ ಹೆಚ್ಚು. ಪದವಿ ಇರುವುದು ನನ್ನ ಹತ್ತಿರ. ನೆರೆಯವರು ಹಿಟ್ಟಿನ ಬಿಸಿ ಬಿಸಿ ಬೋರ್ಸೊಕ್ ಉಂಡೆ ಕರಿದು ಒಯ್ಯುವುದು ಅವಳ ಬಾಗಿಲಿಗೆ.

"ಬುರುಲ್ ನಲವತ್ತು ಅಂದಿದಾಳೆ. ತೆಗಿ ಕಿಟಕಿ," ಎನ್ನುತ್ತಾರೆ ಅತ್ತೆ.

"ನಮ್ಮದು ನೆಲಮಹಡಿ ಅತ್ತೆ, ಎದುರಿಗೇ ಸಾರ್ವಜನಿಕ ಸ್ನಾನಗೃಹದ ಹೊಗೆ ಚಿಮಣಿ."

"ಅಷ್ಟು ಓದಿದೋಳು, ನೀನೂ ಒಂದು ಮಾಡು ನೋಡೋಣ."

ಪೇಟೆಯಿಂದ ಅಂಥದ್ದೇ ಬೋರ್ಡು, ಡಬ್ಬಿ ತಂದೆ. ಬೋರ್ಡನ್ನು ಪರದೆಗಾಗಿ ಟೀವಿಗೆ ಸಿಕ್ಕಿಸಿ ಮನೆಯ ವೈಫೈ ಹೆಸರು, ಪಾಸ್‌ವರ್ಡ್ ತುಂಬಿದೆ. ಫೋನು ಹಿಡಿಯುವ ವೈಫೈಯನ್ನು ಅದು ಹಿಡಿಯಲೊಲ್ಲದು. ಮೂರು ದಿನ ಒಂದೊಂದೇ ಅಕ್ಷರ ತಾಳೆ ನೋಡಿದೆ. ಗೊತ್ತಿರುವವಳು ಒಬ್ಬಳೇ. ಅವಳನ್ನು ಕೇಳುವುದೇ? ನಾನೇ?

ನಾಲ್ಕನೇ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಅತ್ತೆ ಬುರುಲ್‌ಳ ಅಂಕಿ ನೋಡಿ ಕಿಟಕಿ ತೆರೆದಿದ್ದರು. ಮಗು ಕೆಮ್ಮಿ ಕೆಮ್ಮಿ ಕೆಂಪಾಗಿತ್ತು. ದಢಾರನೆ ಕಿಟಕಿ ಮುಚ್ಚಿ, ಅವನನ್ನು ಹೆಗಲಿಗೆ ಹಾಕಿಕೊಂಡು ಬುರುಲ್‌ಗೆ ಫೋನ್ ಮಾಡಿದೆ; ಸ್ಪೀಕರ್ ಹಾಕಿ, ಬೋರ್ಡು ವೈಫೈ ಹಿಡಿಯದ ಕತೆ ಹೇಳಿದೆ.

"ಯಾವ ದೇಶದಲ್ಲಿದೀಯ ಅಂತ ಅದಕ್ಕೆ ಹೇಳಿದ್ಯೇನೇ?" ಎಂದಳು ಬುರುಲ್.

"ಇಲ್ಲೇ ಕೂತಿದೆಯಲ್ಲ ಎಜೆ!"

"ಅದಕ್ಕೇನು ಕಣ್ಣಿದೆಯಾ? ದೇಶ ಆರಿಸೋವರೆಗೂ ವೈಫೈ ಬಂದ್ ಆಗೇ ಇರತ್ತೆ. ನಾನೂ ಒಂದು ವಾರ ಅತ್ತಿದ್ದೆ."

ಪಟ್ಟಿಯಲ್ಲಿ ಕಿರ್ಗಿಸ್ತಾನ ಆರಿಸಿ, ಬೋರ್ಡನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದೆ. ವೈಫೈ ಹಿಡಿಯಿತು. ಡಬ್ಬಿಯನ್ನು ಕಿಟಕಿಯಾಚೆ ಇಟ್ಟೆ.

"ನೂರಾ ಅರವತ್ತು!" ನನ್ನ ಕೂಗಿಗೆ ಅತ್ತೆ ಒಳಗಿಂದ ಓಡಿಬಂದರು. "ನಿಮ್ಮ ನಲವತ್ತು ಇಲ್ಲಿಗೆ ನಡೆಯಲ್ಲ ಎಜೆ!"

"ಅದನ್ನೇ ಅಲ್ವೇನೇ ನಿಮ್ಮತ್ತೆಗೆ ಅಕ್ಟೋಬರಿನಿಂದ ಹೇಳ್ತಿರೋದು? ಕೆಳಗೂ ಒಂದು ಬೇಕು ಅಂತ. ಇನ್ಮೇಲೆ ಕೆಳಗಿನ ಮನೆಯವರು ನಿನ್ನ ಅಂಕಿ ನೋಡ್ಲಿ, ಎಲ್ಲರಿಗೂ ಹೇಳ್ತೀನಿ."

ಅತ್ತೆ ನೆಲ ನೋಡಿದರು. ಇದನ್ನೂ ಅವಳೇ ಮೊದಲು ಯೋಚಿಸಿದ್ದಳು! ಹಲ್ಲು ಕಚ್ಚಿಕೊಂಡು, "ಹೇಳಿ ಎಜೆ," ಎಂದೆ. "ಈಗಲೇ ಹೇಳಿ."