ಮೂರನೆಯ ಗವಿಗೆ ಹೋಗುವ ಮೊದಲು ಸೀರೆ ಅಂಗಡಿ

ನಾನು ಇಳಕಲ್ಲಿನಲ್ಲಿ ಸೀರೆ ಮಾರಿ ಮೇಲೆ ಬಂದವನು. ಅಕ್ಕನನ್ನು ಬಾದಾಮಿಗೆ ಕರೆದೊಯ್ದಾಗ ಒಬ್ಬ ಗೈಡನ್ನು ಗೊತ್ತು ಮಾಡಿದೆ. ಮೂರನೆಯ ಗವಿಯಲ್ಲಿ ಹಾವಿನ ಸುರುಳಿಯ ಮೇಲೆ ಕುಳಿತ ವಿಷ್ಣುವನ್ನು ನೋಡುವುದೊಂದೇ ಅವಳ ಆಸೆ. ಮೊಣಕಾಲು ಹದಗೆಡುತ್ತಿದ್ದವು; ಈಗ ಬಿಟ್ಟರೆ ಮುಂದೆ ಹತ್ತುವುದು ಸುಳ್ಳು.

ಎರಡನೆಯ ಗವಿಯ ಮುಂದೆ ಅಕ್ಕ ದಣಿದು ಕುಳಿತಳು.

"ಮ್ಯಾಲೂ ಇಂಥಾವ ಮೂರ್ತಿ ಅದಾವ್ರಿ ಅಕ್ಕಾರ. ಸುಮ್ನ ಕಾಲ್ ಯಾಕ ನೋಯಿಸ್ಕೊಂತೀರಿ?" ಎಂದ ಗೈಡ್, ನಾನು ಬೇಡವೆನ್ನುತ್ತಿದ್ದರೂ ಅವಳ ಕೈಹಿಡಿದು ಇಳಿಸಿಯೇಬಿಟ್ಟ. ನೇರ ತಂದು ನಿಲ್ಲಿಸಿದ್ದು ಒಂದು ಸೀರೆ ಅಂಗಡಿಯಲ್ಲಿ.

"ಖರೆ ಇಳಕಲ್ ಕೈಮಗ್ಗದ್ದು ನೋಡ್ರಿ," ಎಂದು ಅಂಗಡಿಯವನು ಸೀರೆ ಹರವಿದ.

ನಮ್ಮಲ್ಲಿ ಸೀರೆಯ ಒಡಲಿಗೆ ಸೆರಗನ್ನು ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ. ಅದೇ ಕೊಂಡಿ, ಅಸಲಿ ಇಳಕಲ್ ಸೀರೆಯ ಗುರುತು. ಸೆರಗು ಮಗುಚಿ ನೋಡಿದೆ.

"ಕೊಂಡಿ ಎಲ್ಲೈತೋ ತಮ್ಮಾ?"

"ಅದು ಹಳೇ ಕಾಲದ್ದಾತ್ರಿ. ಈಗ ಯಾರೂ ಹಾಕಂಗಿಲ್ಲ."

ಈ ಮಾತನ್ನು ನನ್ನ ಮುಂದೆ! ಸಿಟ್ಟಿನಿಂದ ಮೈ ಉರಿಯಿತು. ನೀವು ಹೋದರೆ ಗೈಡಿಗೆ ಮೊದಲೇ ಖಡಾಖಂಡಿತ ಹೇಳಿಬಿಡಿ: ಗವಿ ಎಲ್ಲ ಮುಗಿಯುವ ತನಕ ಅಂಗಡಿಯ ಹೆಸರೆತ್ತಬಾರದು.

"ಸೀರಿ ಹಾಳಾಗ್ಲಿ ಬಿಡೋ," ಎಂದಳು ಅಕ್ಕ. "ಮ್ಯಾಲಿನ ಮೂರ್ತಿನೂ ಖರೇನ ಇಂಥಾವ ಏನು?"

"ಅಲ್ಲಬೇ. ಅಂಥಾದ್ದು ಕೆಳಗ ಒಂದೂ ಇಲ್ಲ," ಎಂದೆ.

ಅವಳು ಹೊರಗೆ ಬಂದು ಗವಿಗಳಿದ್ದ ಬಂಡೆಯತ್ತ ಒಮ್ಮೆ ನೋಡಿ ಮೊಣಕಾಲು ಸವರಿಕೊಂಡಳು. "ಇನ್ನ ನನ್ನ ಕೈಲಿ ಆಗಂಗಿಲ್ಲಪಾ," ಎಂದು ಕಾರಿನ ಬಾಗಿಲು ತೆಗೆದಳು. ಗೈಡ್ ಆಗಲೇ ಬೇರೊಂದು ಕುಟುಂಬವನ್ನು ಮೆಟ್ಟಿಲು ಹತ್ತಿಸುತ್ತಿದ್ದ.