ಟೀಚರ್ ಬರೆದ ಅಣಬೆ ಪುಸ್ತಕ

ಮಂಡೆಕೋಲಿನ ನಿವೃತ್ತ ಶಿಕ್ಷಕಿ ದಮಯಂತಿ ಟೀಚರ್ ಕಾಡಿನ ಅಣಬೆಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಅದನ್ನು ಇ-ಪುಸ್ತಕ ಮಾಡಲು ಒಪ್ಪಿಗೆ ಕೇಳಿ ಬಾ ಎಂದು ಪ್ರಕಾಶಕರು ನನ್ನನ್ನು ಕಳಿಸಿದರು. ಪ್ರಕಟವಾದ ಮೇಲೂ ತಪ್ಪು ತಿದ್ದಬಹುದು ಎಂದು ನಾನು ಹೆಮ್ಮೆಯಿಂದ ವಿವರಿಸಿದೆ. ಟೀಚರ ಮುಖ ಗಂಟಾಯಿತು.

“ಅಂದರೆ ಓದುವವರ ಮೊಬೈಲಿನಲ್ಲಿ ಇದ್ದದ್ದೂ ಬದಲಾಗ್ತದಾ?”

“ಹೌದು, ತನ್ನಷ್ಟಕ್ಕೆ.”

“ಯಾರು ಬದಲಾಯಿಸುದು?”

“ನಾವೇ, ಕಚೇರಿಯಲ್ಲಿ.”

“ನಿಮಗೆ ಅಣಬೆಯ ಗುರುತು ಉಂಟಾ?”

ನಾನು ಇಲ್ಲವೆಂದೆ.

“ನೋಡಿ ಮಾರಾಯ್ರೆ, ತಿನ್ನಬಾರದು ಅಂತ ನಾನು ಬರೆದದ್ದು ಒಂದು ದಿನ ತಿನ್ನಬಹುದು ಅಂತ ಆದರೆ? ಸಾಯುದು ಓದಿದವರು, ಹೆಸರು ನನ್ನದು.”

ಅವರನ್ನು ಕೇಳದೆ ಒಂದಕ್ಷರವನ್ನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಟೀಚರ್ ಒಪ್ಪಿದ್ದು. ಆದರೂ ನಂಬಿಕೆ ಬರಲಿಲ್ಲ. ಈಗ ಪ್ರತಿ ವರ್ಷ ಗುಡುಗು ಸುರುವಾಗಿ ಅಣಬೆ ಏಳುವ ಹೊತ್ತಿಗೆ, ಅಚ್ಚಿನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಮೊಬೈಲಿನದನ್ನು ಸಾಲುಸಾಲಾಗಿ ಹೋಲಿಸಿ ನೋಡುತ್ತಾರೆ. ಆಮೇಲೆ ನನಗೆ ಫೋನ್ ಬರುತ್ತದೆ.

“ಈ ವರ್ಷವೂ ಎಂತದೂ ಬದಲಾಗಲಿಲ್ಲ.”

ಆ ಸ್ವರದಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಜಾಸ್ತಿ ಇರುತ್ತದೆ ಎಂದು ನನ್ನ ಗುಮಾನಿ.