ರೇಡಿಯೋದ ಬೆನ್ನಿಗೆ ಬೆಸೆದ ತಂತಿ

ನನ್ನ ಕಾಕುವಿನ ಮೇಲೆ ನಾನೊಂದು ಸುಳ್ಳು ಹೊರಿಸಿದೆ. ಒಂದೇ ಮಾತು. ಆಡಲು ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಬೇಕಾಗಿರಲಿಲ್ಲ. ಅದನ್ನು ಹನ್ನೊಂದು ವರ್ಷ ಹಾಗೆಯೇ ಬಿಟ್ಟೆ.

ಉಳಿದ ವಿವರಗಳಲ್ಲಿ ನಾನು ತಪ್ಪುತ್ತಿರಬಹುದು. ಕಾರಿನ ಸೀಟಿನ ಬಟ್ಟೆ ಹಸಿರಾಗಿತ್ತೋ ಕಂದಾಗಿತ್ತೋ — ನನಗೆ ಎರಡೂ ಬಣ್ಣಗಳಲ್ಲಿ ನೆನಪಿದೆ. ಯಾರು ಮೊದಲು ನಕ್ಕರು ಎಂಬುದರಲ್ಲಿಯೂ ಅನುಮಾನವಿದೆ. ಹಳೆಯ ದಿನಚರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ "ಹಾನಗಲ್ಲ ರಸ್ತೆಗೆ ಹೋಗಿ ಬಂದೆವು. ವಿಪರೀತ ಸೆಕೆ" ಎಂದಷ್ಟೇ ಬರೆದಿದ್ದೇನೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ನನ್ನ ದಿನಚರಿಗೂ ಸುಳ್ಳು ಹೇಳುತ್ತಿದ್ದೆನೆಂದು ಅದನ್ನು ನೋಡಿಯೇ ತಿಳಿಯಿತು. ಆದರೆ ಆ ಒಂದು ಮಾತು ಮಾತ್ರ ಅಕ್ಷರ ಅಕ್ಷರವೂ ನೆನಪಿದೆ — ಬೇಕಾಗಿಲ್ಲದಿದ್ದರೂ.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಸವಣೂರಿಗೆ, ಕಾಕಾನ ಮನೆಗೆ ಬಂದಳು. ಕಾಕಾ, ಅಪ್ಪನ ತಮ್ಮ, ಡಾಕ್ಟರು. ಬೆಳಿಗ್ಗೆ ಸವಣೂರಿನ ದವಾಖಾನೆ. ಮಧ್ಯಾಹ್ನದ ಮೇಲೆ ಒಂದು ದಿನ ಶಿಗ್ಗಾಂವಿ, ಒಂದು ದಿನ ಹಾನಗಲ್ಲು, ಸಂತೆಯ ದಿನ ಅಕ್ಕಿಆಲೂರು. ಓಡಾಟಕ್ಕೆ ಒಂದು ಅಂಬಾಸಿಡರ್ ಕಾರಿತ್ತು. ಅದರಲ್ಲಿ ಕಂಪನಿಯವರೇ ಕೂರಿಸಿ ಕೊಟ್ಟ ರೇಡಿಯೋ ಇತ್ತು. ಧಾರವಾಡ ಸ್ಟೇಷನ್ನು ಅದರಲ್ಲಿ ಸ್ಪಷ್ಟವಾಗಿ ಬರುತ್ತಿತ್ತು. ಆ ರೇಡಿಯೋದ ಗುಂಡಿಯನ್ನು ಕಾಕಾ ಬಿಟ್ಟು ಮತ್ತಾರೂ ಮುಟ್ಟುವಂತಿರಲಿಲ್ಲ.

ಆ ವರ್ಷ ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದೆ. ಎಂ.ಎಸ್ಸಿ. ಸೇರುವ ಅರ್ಜಿ ಕಾಕಾನ ಮೇಜಿನ ಖಾನೆಯಲ್ಲಿತ್ತು, ಸಹಿ ಇಲ್ಲದೆ. ಕೇಳಿದಾಗಲೆಲ್ಲ "ನೋಡೋಣು" ಎನ್ನುತ್ತಿದ್ದರು. ಒಮ್ಮೆ ಅವ್ವನ ಮುಂದೆ, "ವಿಜಿ ಲಗ್ನ ಒಂದು ಆಗಲಿ ವೈನೀ. ಆಮ್ಯಾಲ ಈಕೀಗೂ ಒಂದು ಚಲೋ ಮನೀ ನೋಡಿದ್ರಾತು. ಫಿಜಿಕ್ಸ್ ಓದಿ ಫ್ಯೂಜು ಹಾಕ್ತಾಳೇನು?" ಎಂದು ನಕ್ಕಿದ್ದರು. ವಿಜಿ ಅವರ ಮಗಳು, ನನಗಿಂತ ಒಂದು ವರ್ಷಕ್ಕೆ ದೊಡ್ಡವಳು.

ಇನ್ನು ಕಾಕು, ಕಾಕಾನ ಹೆಂಡತಿ. ಆ ಮನೆಯಲ್ಲಿ ಹಾಡುವವಳೆಂದರೆ ಅವಳು. ಬತ್ತಿ ಹೊಸೆಯುವಾಗ ಹಾಡು, ವೀಳ್ಯದೆಲೆ ಒರೆಸುವಾಗ ಹಾಡು. ಎಲ್ಲಕ್ಕಿಂತ ಬೀಗರ ಹಾಡು. ನಮ್ಮ ಕಡೆ ಮದುವೆಯ ಊಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲಿ ಬೈಯುವುದುಂಟು. ಆ ಒಂದು ದಿನಕ್ಕೆ ಬೈಗುಳವೂ ಮರ್ಯಾದೆಯೇ. ಆದರೆ ಅದಕ್ಕೂ ಕಟ್ಟುಕಟ್ಟಳೆಯಿದೆ. ಲಗ್ನ ಆಗಿರಬೇಕು, ಹತ್ತು ಹೆಂಗಸರು ಕೂಡಿ, ಯಾವ ದನಿ ಯಾರದೆಂದು ತಿಳಿಯದ ಹಾಗೆ ಹಾಡಬೇಕು. ಸಂಬಂಧ ಇನ್ನೂ ನಿಶ್ಚಯವಾಗದಿರುವಾಗ, ಒಂಟಿ ದನಿಯಲ್ಲಿ, ಬೀಗರ ಮುಖಕ್ಕೆ — ಅದನ್ನು ಯಾವ ಮನೆಯಲ್ಲಿಯೂ ಯಾರೂ ಮಾಡುವುದಿಲ್ಲ.

ವಿಜಿಗೆ ಹಿರೇಕೆರೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ತಂದೆ ಮೊದಲ ಸಲ ಮಾತಾಡಲು ಬಂದಾಗ ನಮ್ಮ ಪಡಸಾಲೆಯಲ್ಲಿ ಕೂತು ನಶ್ಯ ಏರಿಸಿ ಒಂಬತ್ತು ಸಲ ಸೀನಿದರು. ಕಾಕು ಅಡುಗೆಮನೆಯಲ್ಲಿ ಎಣಿಸಿದ್ದಳು. ಸಂಜೆಯ ಹೊತ್ತಿಗೆ ಹಾಡು ತಯಾರಾಗಿತ್ತು:

ಹಿರೇಕೆರೂರಿನ ಬೀಗರ ಮೂಗು
ನಶ್ಯದ ಗಿರಣೀ ನೋಡವ್ವಾ,
ಸೀನಿದ್ರ ಗ್ವಾಡೀ ಸುಣ್ಣಾ ಉದುರಿ
ಸೊಸೀ ಬಳೀಬೇಕ ನೋಡವ್ವಾ.

ಅವ್ವನ ಅಣ್ಣ ಮುಂಬೈಯಿಂದ ತಂದುಕೊಟ್ಟ ಟೇಪ್ ರೆಕಾರ್ಡರು ನನ್ನ ಹತ್ತಿರವಿತ್ತು. ಉಗ್ರಾಣದ ಬಾಗಿಲು ಹಾಕಿಕೊಂಡು ಕಾಕುವಿನ ಹಾಡು ತುಂಬಿಸಿದೆ. "ಗಂಡಸರ ಕಿವೀಗೆ ಬೀಳಬಾರದು ಮತ್ತ, ಸುಮೀ. ಆಣೀ ಮಾಡು" ಎಂದಳು. ಮಾಡಿದೆ.

ಆದರೆ ರೆಕಾರ್ಡರಿನ ಸ್ಪೀಕರು ತೀರ ಸಣ್ಣದು. ಕಾಕುವಿನ ತುಂಬು ಕಂಠ ಅದರಲ್ಲಿ ಸೊಳ್ಳೆಯ ದನಿಯಾಗಿ ಬರುತ್ತಿತ್ತು. ಕಾರಿನ ಸ್ಪೀಕರು ದೊಡ್ಡದು. ಟೇಪಿನ ಹಾಡನ್ನು ಕಾರಿನ ರೇಡಿಯೋದೊಳಗೆ ಬಿಡಲು ಒಂದು ದಾರಿ ಮಾಡಿದರೆ? ರೇಡಿಯೋದಲ್ಲಿ ಅದಕ್ಕೆಂದು ಯಾವ ತೂತೂ ಇರಲಿಲ್ಲ. ಆದರೆ ಸ್ಟೇಷನ್ನಿನಿಂದ ಹಿಡಿದ ಸದ್ದು ದೊಡ್ಡದಾಗುವ ಮೊದಲು ದನಿಯ ಗುಂಡಿಯನ್ನು ಹಾದೇ ಹೋಗಬೇಕು. ಆ ಗುಂಡಿಯ ಬೆನ್ನಿಗೆ ಒಂದು ತಂತಿ ಬೆಸೆದರೆ ಹೊರಗಿನ ಸದ್ದೂ ಅದೇ ದಾರಿ ಹಿಡಿಯುತ್ತದೆ. ಕಾಗದದ ಮೇಲೆ ಬರೆದುಕೊಂಡೆ. ನನಗೆ ಆಗ ಹಸಿವೆಯೂ ಆಗುತ್ತಿರಲಿಲ್ಲ.

ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಹುಸೇನಸಾಬರು ಬೆಸುಗೆ ಹಾಕುವ ಕಬ್ಬಿಣ, ಸೀಸ, ಮೇಲೆ ಜಾಲರಿ ಸುತ್ತಿದ ತಂತಿ ಕೊಟ್ಟರು. ನಾನು ಬರೆದ ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು.

"ಗಾಡಿ ಡಾಕ್ಟರ್ದು, ಆಪರೇಷನ್ ನೀವು ಮಾಡಾಕತ್ತೀರಿ. ಅವರಿಗೆ ಗೊತ್ತೈತೇನ್ರಿ ಅಕ್ಕಾರ?"

"ಇಲ್ರಿ."

"ಹಂಗಾರ ನಾನೂ ಏನೂ ನೋಡಿಲ್ಲ ಬಿಡ್ರಿ. ಆದ್ರ ಒಂದು ಮಾತು ಕೇಳ್ರಿ. ನಡುವ ಒಂದು ಸ್ವಿಚ್ ಹಾಕ್ರಿ. ರೇಡಿಯೋ ಬ್ಯಾರೆ, ಟೇಪ್ ಬ್ಯಾರೆ ಆಗಬೇಕು. ಇಲ್ಲಾಂದ್ರ ಒಂದ ಬಾಯಾಗ ಇಬ್ಬರು ಮಾತಾಡತಾರ."

ಸ್ವಿಚ್ಚಿಗೆ ಡ್ಯಾಷ್‌ಬೋರ್ಡಿನಲ್ಲಿ ತೂತು ಕೊರೆಯಬೇಕು. ಕೊರೆದರೆ ಕಾಕಾ ನೋಡುತ್ತಾರೆ. ಹಾಕಲಿಲ್ಲ. ಎರಡು ಮಧ್ಯಾಹ್ನ ಕಾಕಾ ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಕೆಲಸ ಮುಗಿಸಿದೆ. ತಂತಿಯನ್ನು ಮ್ಯಾಟಿನ ಕೆಳಗಿನಿಂದ ಎಳೆದು ಮುಂದಿನ ಸೀಟಿನ ಅಡಿಗೆ ತಂದೆ. ಸೆಲ್ಲು ಬೇಗ ಮುಗಿಯುತ್ತವೆಂದು ರೆಕಾರ್ಡರಿಗೆ ಕರೆಂಟನ್ನೂ ರೇಡಿಯೋದ ಗುಂಡಿಯ ಹಿಂದಿನಿಂದಲೇ, ವೋಲ್ಟೇಜು ಇಳಿಸಿ, ಕೊಟ್ಟೆ. ರೇಡಿಯೋ ಹಚ್ಚಿದರೆ ರೆಕಾರ್ಡರಿಗೂ ಜೀವ; ಆರಿಸಿದರೆ ಅದೂ ನಿಲ್ಲುತ್ತದೆ. ಈ ಜಾಣತನದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಮೂರನೆಯ ಮಧ್ಯಾಹ್ನ ಕಾಕುವನ್ನು ಕಾರಿಗೆ ಕರೆದುಕೊಂಡು ಹೋದೆ. ಬೇವಿನ ಮರದ ಕೆಳಗೆ ಗಾಜು ಏರಿಸಿಕೊಂಡು, ಬೆವರುತ್ತ, ಇಬ್ಬರೇ ಕೂತೆವು. ಅವಳ ದನಿ ಇಡೀ ಕಾರನ್ನು ತುಂಬಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಇದು ನಾನೇನು? ನನ್ನ ದನಿ ಇಷ್ಟು ದೊಡ್ಡದದನೇನ?" ಎಂದಳು. ನನ್ನ ಜೀವನದಲ್ಲಿ ನಾನು ಯಾರಿಗಾದರೂ ಕೊಟ್ಟ ಅತಿ ಒಳ್ಳೆಯ ವಸ್ತು ಅದೇ ಎಂದು ಈಗಲೂ ಅನ್ನಿಸುತ್ತದೆ.

ಟೇಪು ಸುತ್ತಿ ಮತ್ತೆ ಮೊದಲಿನಿಂದ ಹಚ್ಚಿದ್ದೆ, ಅಷ್ಟರಲ್ಲಿ ಒಳಗಿನಿಂದ ಕಾಕಾ ಕೆಮ್ಮಿದ ಸದ್ದು ಕೇಳಿಸಿತು. ರೇಡಿಯೋದ ಗುಂಡಿ ತಿರುವಿ ಆರಿಸಿ ಓಡಿದೆವು. ಸೀಟಿನ ಅಡಿಯ ರೆಕಾರ್ಡರಿನಲ್ಲಿ ಒತ್ತಿದ ಕೀಲಿ ಒತ್ತಿದ ಹಾಗೆಯೇ ಉಳಿಯಿತು. ಅದು ಮರೆವೇ — ಎಷ್ಟು ಸಲ ಕೇಳಿಕೊಂಡರೂ ಅದೇ ಉತ್ತರ ಬರುತ್ತದೆ. ನನ್ನ ಕೈಕೆಲಸವನ್ನು ಇನ್ನೂ ಯಾರಾದರೂ ಕೇಳಲಿ ಎಂಬ ಆಸೆ ಇರಲಿಲ್ಲವೆಂದು ಮಾತ್ರ ಅಷ್ಟು ಗಟ್ಟಿಯಾಗಿ ಹೇಳಲಾರೆ.

ಮರುದಿನ ಹಿರೇಕೆರೂರಿನವರು, ಹುಡುಗನ ತಂದೆ ತಾಯಿ, ಹುಡುಗಿಯನ್ನು ನೋಡಲು ಬಂದರು. ಅವಲಕ್ಕಿ, ಚಹಾ, ಸವಣೂರ ಖಾರ ಎಲ್ಲ ಆಯಿತು. "ಮನ್ಯಾಗ ಮಾತಾಡಿ ಹೇಳಿ ಕಳಸ್ತೇವ್ರಿ" ಎಂದು ಎದ್ದರು. ಹಾನಗಲ್ಲಿನ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು ಬರುತ್ತೇನೆಂದು ಕಾಕಾ ಕಾರು ತೆಗೆದರು. ಬೀಗರು ಮುಂದೆ, ಕಾಕಾನ ಪಕ್ಕ. ಹಿಂದೆ ಬೀಗರ ಹೆಂಡತಿ, ಕಾಕು, ನಾನು. ಊರು ದಾಟಿದ ಮೇಲೆ ಕಾಕಾ, "ಸುದ್ದಿ ಕೇಳೋಣೇನ್ರಿ?" ಎಂದು ಗುಂಡಿ ತಿರುವಿದರು.

ಮೊದಲು ಧಾರವಾಡದ ಸುದ್ದಿ ಬಂತು. ಅದರ ಕೆಳಗಿನಿಂದ ಯಾರೋ ನರಳುತ್ತ ಏಳುವ ಹಾಗೆ ಒಂದು ಎಳೆದ ದನಿ — ನಿಂತಿದ್ದ ಟೇಪು ವೇಗ ಹಿಡಿಯುವ ಸದ್ದು ಅದು. ನನಗೆ ತಿಳಿಯಿತು. ಕಾಕುವಿಗೂ ತಿಳಿಯಿತು; ಅವಳ ಬಳೆ ನನ್ನ ಮೊಣಕೈಗೆ ಒತ್ತಿತು. ನಂತರ ಸುದ್ದಿ ಓದುವವರನ್ನು ಬದಿಗೊತ್ತಿ ಹಾಡು ಬಂತು. ಹಿರೇಕೆರೂರಿನ ಬೀಗರ ಮೂಗು ನಶ್ಯದ ಗಿರಣೀ ನೋಡವ್ವಾ. ಬೀಗರ ಎರಡು ಬೆರಳ ನಡುವೆ ಆಗಷ್ಟೇ ತೆಗೆದ ನಶ್ಯವಿತ್ತು. ಕಾಕಾ ಗಾಬರಿಯಲ್ಲಿ ಗುಂಡಿಯನ್ನು ತಪ್ಪು ಕಡೆ ತಿರುವಿದರು. ಗೋಡೆಯ ಸುಣ್ಣ ಉದುರುವ ಭಾಗ ಇನ್ನೂ ಜೋರಾಗಿ ಕೇಳಿಸಿತು. ಆಗ ಬೀಗರು ಸೀನಿದರು.

ಬೀಗರ ಹೆಂಡತಿ ಮೊದಲು ನಕ್ಕರು ಅನ್ನಿಸುತ್ತದೆ. ಆಮೇಲೆ ಬೀಗರು ಕಣ್ಣೀರು ಬರುವಷ್ಟು ನಕ್ಕರು. "ಅಲ್ರೀ ಡಾಕ್ಟರ, ನನ್ನ ಮೂಗು ನಿಮ್ಮ ರೇಡಿಯೋದಾಗ ಹ್ಯಾಂಗ ಹೊಕ್ಕಿತ್ರೀ?" ಎಂದರು. ಕಾಕಾ ನಗಲಿಲ್ಲ.

ಅವರನ್ನು ಬಸ್ಸು ಹತ್ತಿಸಿ ಮರಳುವಾಗ ಕಾಕಾ ಹುಣಸೆಮರದ ಕೆಳಗೆ ಕಾರು ನಿಲ್ಲಿಸಿದರು. ಸೀಟಿನ ಅಡಿಗೆ ಕೈ ಹಾಕಿ ರೆಕಾರ್ಡರು ಎಳೆದರು. ಹಿಂದೆಯೇ ತಂತಿಯೂ ಬಂತು. "ಯಾರು ಮಾಡಿದ್ದು ಇದು?"

ಮೇಜಿನ ಖಾನೆಯಲ್ಲಿದ್ದ ನನ್ನ ಅರ್ಜಿ ನನಗೆ ಕಾಣಿಸಿತು. ನಾನು ಹೇಳಿದೆ:

"ತಮ್ಮ ಹಾಡು ಗಾಡ್ಯಾಗ ಕೇಳಬೇಕಂತ ಕಾಕೂನೇ ಹಚ್ಚಸ್ಯಾರ."

ಕಾಕು ನನ್ನ ಕಡೆ ನೋಡಲಿಲ್ಲ. ಹೊರಗೆ ನೋಡುತ್ತಿದ್ದಳು. ಕಾಕಾ ಕನ್ನಡಿಯಲ್ಲಿಯೇ ಅವಳನ್ನು ನೋಡಿ, "ಗಂಡಸರ ಮುಂದ ಹಾಡೋ ಹುಕಿ ಹುಟ್ಟೇದೇನು, ಈ ವಯಸ್ಸಿನಾಗ?" ಎಂದರು. ಅಷ್ಟೇ. ಕೂಗಲಿಲ್ಲ, ಮತ್ತೊಮ್ಮೆ ಅದನ್ನು ಎತ್ತಲಿಲ್ಲ. ಕಾಕು "ಇಲ್ಲ" ಎನ್ನಲಿಲ್ಲ.

ಇದಾದ ಮೇಲೆ ಎಲ್ಲವೂ ಒಳ್ಳೆಯದೇ ಆಯಿತು. ಅದೇ ನನಗೆ ಕಷ್ಟ. ಎಂಟು ದಿನದಲ್ಲಿ ಹಿರೇಕೆರೂರಿನಿಂದ ಒಪ್ಪಿಗೆಯ ಕಾಗದ ಬಂತು — ಇಷ್ಟು ನಗುವ ಮನೆಯ ಹುಡುಗಿಯನ್ನು ಬಿಡುವುದಿಲ್ಲ ಎಂದು. ಮಗಳ ಸಂಬಂಧ ಗಟ್ಟಿಯಾದ ಹರುಷದಲ್ಲಿ ಕಾಕಾ ನನ್ನ ಅರ್ಜಿಗೂ ಸಹಿ ಮಾಡಿದರು. ನಾನು ಓದಿದೆ. ಈಗ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಮುಂಜಾನೆ ಪ್ರಯೋಗಾಲಯದ ಬಾಗಿಲು ತೆಗೆದಾಗ ಬರುವ ಬೆಸುಗೆಯ ವಾಸನೆ ನನಗಿಷ್ಟ. ನಾನು ಸುಖವಾಗಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಆ ತಂತಿಯನ್ನು ಕೂಡ ಯಾರೂ ಕೀಳಲಿಲ್ಲ. ಕಿತ್ತರೆ ರೇಡಿಯೋ ಕೆಡುತ್ತದೆಂದು ಹುಸೇನಸಾಬರು ಕಾಕಾಗೆ ಹೇಳಿದರಂತೆ. ಕೆಡುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಈಗ ಕಾಕಾ ಅದರಲ್ಲಿ ಪ್ರವಚನದ ಕ್ಯಾಸೆಟ್ಟು ಕೇಳುತ್ತ ಮೊಮ್ಮಗಳನ್ನು ನೋಡಲು ಹಿರೇಕೆರೂರಿಗೆ ಹೋಗುತ್ತಾರೆ.

ಕಾಕು ಮಾತ್ರ ಹಾಡುವುದನ್ನು ಬಿಟ್ಟಳು. ವಿಜಿಯ ಮದುವೆಯ ಪಂಕ್ತಿಯಲ್ಲಿ ಹೆಂಗಸರು ಕೈ ಹಿಡಿದು ಎಳೆದರು. ಬೀಗರೇ ಎಲೆಯ ಮುಂದೆ ಕೂತು, "ನನ್ನ ಮೂಗಿನ ಹಾಡು ಆಗದ ನಾ ಊಟಾ ಮಾಡಂಗಿಲ್ರಿ" ಎಂದು ಹಟ ಮಾಡಿದರು. ಕಾಕು "ಗಂಟಲು ಕಟ್ಟೇದ್ರಿ" ಎಂದು ನಕ್ಕು ತುಪ್ಪ ಬಡಿಸಲು ಹೋದಳು. ಬತ್ತಿ ಹೊಸೆಯುವಾಗಲೂ ಇಲ್ಲ, ಎಲೆ ಒರೆಸುವಾಗಲೂ ಇಲ್ಲ. ಹಾಡಬೇಡವೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಕಳೆದ ತಿಂಗಳು ಸವಣೂರಿಗೆ ಹೋಗಿದ್ದೆ. ಶಿಗ್ಗಾಂವಿಗೆ ಹೊರಟ ಕಾಕಾನ ಜೊತೆ ಕಾರಿನಲ್ಲಿ ಕೂತೆ. ಪ್ರವಚನ ನಡೆದಿತ್ತು. ರೇಡಿಯೋ ಆರಿಸಿದೆ — ಆ ಗುಂಡಿಯನ್ನು ಅವರ ಎದುರಿಗೆ ನಾನು ಮುಟ್ಟಿದ್ದು ಅದೇ ಮೊದಲು — ಎಲ್ಲವನ್ನೂ ಹೇಳಿದೆ. ತಂತಿ ಬೆಸೆದವಳು ನಾನು, ಕೀಲಿ ಮರೆತವಳು ನಾನು, ಅರ್ಜಿಯ ಆಸೆಗೆ ಸುಳ್ಳು ಹೇಳಿದವಳೂ ನಾನು. ಕಾಕಾ ಗೇರು ಬದಲಿಸಿದರು. ಬೈಯುತ್ತಾರೆಂದು ಕಾದೆ. ಕೊನೆಗೆ, "ಮತ್ತ ಆಕಿ ಯಾಕ ಸುಮ್ಮ ಕೂತಳು?" ಎಂದರು. ನನ್ನನ್ನಲ್ಲ ಕೇಳಿದ್ದು, ರಸ್ತೆಯನ್ನು.

ಮನೆಗೆ ಬಂದು ನೋಡಿದೆ. ಕಾಕು ಹಿತ್ತಲಿನ ಕಟ್ಟೆಯ ಮೇಲೆ ವೀಳ್ಯದೆಲೆಯ ಕಟ್ಟು ಬಿಚ್ಚಿ ಒಂದೊಂದೇ ಎಲೆ ಒರೆಸುತ್ತಿದ್ದಳು. ಪಕ್ಕದಲ್ಲಿ ಕೂತೆ. ಕಾಕಾಗೆ ಹೇಳಿದ್ದೇನೆ ಎಂದೆ. ತಪ್ಪಾಯಿತು ಎಂದೆ. ಅವಳು ಎಲೆಯ ತೊಟ್ಟು ಮುರಿದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ ನನ್ನ ಕೈಗೆ ಕೊಟ್ಟಳು. ಇನ್ನೊಂದು ಎಲೆ ತೆಗೆದುಕೊಂಡಳು. ಆಗ ಕೇಳಿದೆ:

"ಕಾಕೂ, ಆವತ್ತು ನಾ ಸುಳ್ಳು ಹೇಳಾಕತ್ತೇನಿ ಅಂತ ಯಾಕ ಅನ್ನಲಿಲ್ಲ ನೀವು? ನನ್ನ ಓದು ತಪ್ಪತದಂತ ಏನು — ಇಲ್ಲಾ, ಹೇಳಿದ್ರೂ ಯಾರೂ ನಂಬಂಗಿಲ್ಲಂತ ಏನು?"